ಉಪಾಧ್ಯಾಯರಿಗೆ ಸ್ವಾಧ್ಯಾಯದ ಹೊತ್ತು

ಪಂಚಪರಮೇಷ್ಠಿಗಳಲ್ಲಿ ಉಪಾಧ್ಯಾಯರದು ನಾಲ್ಕನೆಯ ಸ್ಥಾನ. ಆಗಮವನ್ನು ತಾವು ಅಧ್ಯಯನ ಮಾಡುತ್ತ ಇತರರಿಂದಲೂ ಅಧ್ಯಯನ ಮಾಡಿಸುವವರೇ ಉಪಾಧ್ಯಾಯರೆಂಬುದು ಪರಂಪರೆಯ ವ್ಯಾಖ್ಯೆ. ಈ ವ್ಯಾಖ್ಯೆಯಲ್ಲಿ ಕಲಿಯುವುದು ಮೊದಲು, ಕಲಿಸುವುದು ಅನಂತರ. ಮೊದಲನೆಯದು ನಿಂತರೆ ಎರಡನೆಯದಕ್ಕೆ ಆಧಾರವಿಲ್ಲ. ಮುನಿಪದವಿಯ ಉಪಾಧ್ಯಾಯರನ್ನೂ ಸಂಬಳಕ್ಕೆ ದುಡಿಯುವ ಶಾಲಾ ಶಿಕ್ಷಕರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೂ ಲೋಕವು ಅದೇ ಹೆಸರನ್ನು ಶಿಕ್ಷಕರಿಗೂ ಕೊಟ್ಟಿದೆ. ಹೆಸರನ್ನು ಕೊಟ್ಟ ಸಮಾಜವು ಅದಕ್ಕೆ ತಕ್ಕ ಅವಕಾಶವನ್ನೂ ಕೊಟ್ಟಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬೆಂಗಳೂರಿನ ದಕ್ಷಿಣ ಭಾಗದ ಹೊಸಕೆರೆಹಳ್ಳಿಯಲ್ಲಿ, ಬನಶಂಕರಿ 3ನೆಯ ಹಂತದ ವರ್ತುಲ ರಸ್ತೆಯಲ್ಲಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಕಚೇರಿಯಿದೆ. ಶಿಕ್ಷಕರ ಬಾಯಲ್ಲಿ ಅದು ಡಿ.ಎಸ್.ಇ.ಆರ್.ಟಿ. ದೇವಾಲಯಕ್ಕೋ ಮಾರುಕಟ್ಟೆಗೋ ಹೋಗುವಾಗ ಆ ಕಟ್ಟಡವನ್ನು ದಾಟುವ ಸಾವಿರಾರು ಮಂದಿಗೆ, ರಾಜ್ಯದ ಶಿಕ್ಷಕರು ಸೇವೆಗೆ ಸೇರಿದ ಮೇಲೆ ಏನನ್ನು ಕಲಿಯಬೇಕೆಂಬ ಯೋಜನೆ ಅಲ್ಲಿ ಸಿದ್ಧವಾಗುತ್ತದೆಂಬುದು ತಿಳಿದಿರಲಾರದು. ಅಲ್ಲಿಂದ ಜಿಲ್ಲೆಯ ಡಯಟ್, ಅಲ್ಲಿಂದ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಲ್ಲಿಂದ ಸಮೂಹ ಸಂಪನ್ಮೂಲ ಕೇಂದ್ರ, ಕೊನೆಗೆ ಶಾಲೆ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತರಬೇತಿಯು ಇಳಿದು ಬರುತ್ತದೆ.

ಈ ವ್ಯವಸ್ಥೆಯ ಹಿಂದಿನ ಆಶಯ ಚಿಕ್ಕದಲ್ಲ. ಶಿಕ್ಷಕರ ಸೇವಾಪೂರ್ವ ಶಿಕ್ಷಣವನ್ನೂ ಸೇವಾಕಾಲದ ಶಿಕ್ಷಣವನ್ನೂ ಬೇರ್ಪಡಿಸಲಾಗದೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಒಪ್ಪಿಕೊಂಡಿತು. ಜಿಲ್ಲೆಗಳಲ್ಲಿ ಡಯಟ್‌ಗಳು ಹುಟ್ಟಿದ್ದು ಆ ನೀತಿಯ ಫಲವಾಗಿ. ಮುಂದೆ ಸರ್ವ ಶಿಕ್ಷಣ ಅಭಿಯಾನವು ಪ್ರತಿಯೊಬ್ಬ ಶಿಕ್ಷಕರಿಗೂ ವರ್ಷಕ್ಕೆ 20 ದಿನಗಳ ತರಬೇತಿಗೆ ಅವಕಾಶ ಕಲ್ಪಿಸಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ವರ್ಷಕ್ಕೆ ಕನಿಷ್ಠ 50 ಗಂಟೆಗಳ ನಿರಂತರ ವೃತ್ತಿಕಲಿಕೆಯನ್ನು ಅಪೇಕ್ಷಿಸಿತು. ಅಂಕಿಗಳಲ್ಲಿ ದಾರಿದ್ರ್ಯವಿಲ್ಲ. ಆದರೆ ಅಂಗಡಿಯ ದಾಸ್ತಾನು ಪುಸ್ತಕದಲ್ಲಿ ಸರಕು ಬಂದ ಲೆಕ್ಕವಷ್ಟೇ ಇದ್ದು, ಗಿರಾಕಿಯ ಕೈಗೆ ಏನು ಸೇರಿತೆಂಬ ಲೆಕ್ಕವಿಲ್ಲದಿದ್ದರೆ ಆ ವ್ಯಾಪಾರವನ್ನು ಯಾರೂ ಮೆಚ್ಚರು. ತರಬೇತಿಯ ವರದಿಗಳಲ್ಲಿ ದಿನಗಳು, ಹಾಜರಾತಿ, ಪ್ರಮಾಣಪತ್ರಗಳು ಎಣಿಕೆಗೆ ಸಿಗುತ್ತವೆ. ತರಗತಿಯ ಮಗುವಿಗೆ ಸೇರಿದ್ದು ಎಣಿಕೆಗೆ ಸಿಗುವುದಿಲ್ಲ.

ಈ ಕೊರತೆಯನ್ನು ಇಲಾಖೆಯೂ ಅರಿಯದೆ ಇರಲಿಲ್ಲ. 2017-18ರ ಸುಮಾರಿಗೆ ಆರಂಭಗೊಂಡ ಗುರುಚೇತನ ಕಾರ್ಯಕ್ರಮವು ಒಂದು ವಿವೇಕದ ಹೆಜ್ಜೆಯನ್ನಿಟ್ಟಿತು: ಎಲ್ಲರಿಗೂ ಒಂದೇ ಪಾಠವನ್ನು ಬಡಿಸುವ ಬದಲು, ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳಲಿ ಎಂದಿತು. ಭಿನ್ನರಾಶಿಯಲ್ಲಿ ಎಡವುವ ಶಿಕ್ಷಕರು ಗಣಿತವನ್ನು, ಭಾಷೆಯಲ್ಲಿ ಬೆಳೆಯಬಯಸುವವರು ಭಾಷೆಯನ್ನು ಆಯ್ದುಕೊಳ್ಳುವುದು ನ್ಯಾಯವೇ. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ನಿಷ್ಠಾ ತರಬೇತಿಯು ಕೊರೋನಾ ಕಾಲದಲ್ಲಿ, 2020ರಿಂದ, ದೀಕ್ಷಾ ಜಾಲತಾಣಕ್ಕೆ ಬಂದು 18 ಘಟಕಗಳಾಗಿ ಶಿಕ್ಷಕರ ಕೈಯಲ್ಲಿನ ದೂರವಾಣಿಯನ್ನೇ ತಲುಪಿತು. ಪ್ರಯಾಣದ ಶ್ರಮ ತಪ್ಪಿತು, ಶಾಲೆ ಬಿಟ್ಟು ಹೋಗುವ ತೊಂದರೆ ತಪ್ಪಿತು. ಆದರೆ ಶಾಲೆಯ ಕೆಲಸವೂ ಮನೆಯ ಕೆಲಸವೂ ಮುಗಿದ ಮೇಲೆ, ರಾತ್ರಿ ಹತ್ತು ಗಂಟೆಗೆ, ಕಣ್ಣೆಳೆಯುತ್ತಿರುವಾಗ ಘಟಕದ ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತಿ ಪ್ರಮಾಣಪತ್ರ ಪಡೆಯುವುದನ್ನು ಕಲಿಕೆಯೆಂದು ಕರೆಯುವುದು ಕಷ್ಟ. ಇಲ್ಲಿ ದೋಷ ಶಿಕ್ಷಕರದಲ್ಲ. ಘಟಕವನ್ನು ಬರೆದವರದೂ ಅಲ್ಲ. ಕಲಿಯಬೇಕೆಂದು ವಿಧಿಸಿದವರು ಕಲಿಯುವ ಹೊತ್ತನ್ನು ವಿಧಿಸಲಿಲ್ಲ. ದೋಷವಿರುವುದು ಅಲ್ಲಿಯೇ.

ಕಲಿಕೆಯ ಅಂಗಗಳು ಯಾವುವೆಂಬುದನ್ನು ಜೈನಶಾಸ್ತ್ರವು ಬಹು ಸ್ಪಷ್ಟವಾಗಿ ಹೇಳಿದೆ. ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲಿ ಒಂದು. ಅದರ ಭೇದಗಳು ಐದು: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಮೊದಲು ಗ್ರಂಥವನ್ನು ಓದಬೇಕು, ಸಂಶಯವನ್ನು ಬಲ್ಲವರಲ್ಲಿ ಕೇಳಬೇಕು, ತಿಳಿದದ್ದನ್ನು ಮನಸ್ಸಿನಲ್ಲಿ ಮಥಿಸಬೇಕು, ಶುದ್ಧವಾಗಿ ಮತ್ತೆ ಮತ್ತೆ ಅಭ್ಯಾಸ ಮಾಡಬೇಕು, ಆಮೇಲೆ ಉಪದೇಶಿಸಬೇಕು. ಉಪದೇಶವನ್ನು ಐದನೆಯದಾಗಿ ಹೇಳಿರುವುದು ಗಮನಾರ್ಹ. ಈ ಅಳತೆಗೋಲಿನಿಂದ ಅಳೆದರೆ ಇಂದಿನ ತರಬೇತಿಯ ಸ್ಥಿತಿ ತಾನಾಗಿ ಬಯಲಾಗುತ್ತದೆ. ವಾಚನೆಗೆ ಸಾಮಗ್ರಿ ಧಾರಾಳವಾಗಿದೆ. ಉಪದೇಶವಂತೂ ಮರುದಿನ ಬೆಳಿಗ್ಗೆಯೇ ಆರಂಭವಾಗಬೇಕು. ನಡುವಿನ ಮೂರು ಅಂಗಗಳಿಗೆ, ಅಂದರೆ ಕೇಳುವುದಕ್ಕೆ, ಯೋಚಿಸುವುದಕ್ಕೆ, ತಿದ್ದಿಕೊಳ್ಳುತ್ತ ಅಭ್ಯಸಿಸುವುದಕ್ಕೆ, ಸ್ಥಳವೇ ಇಲ್ಲ.

ಸ್ಥಳ ದೊರೆತಾಗ ಏನಾಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ನಲಿ-ಕಲಿ ಪದ್ಧತಿಯು ಮೊಳೆಯಿತು. ಅಲ್ಲಿಯ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಬಹುವರ್ಗ ಬೋಧನೆಯನ್ನು ಕಣ್ಣಾರೆ ಕಂಡರು. ಮರಳಿ ಬಂದು ತಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿದರು. ನೋಡಿದರು, ಕೇಳಿದರು, ಚರ್ಚಿಸಿದರು, ತಿದ್ದಿದರು. 2009-10ರಲ್ಲಿ ಅದೇ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವಿಸ್ತರಿಸಿತು. ವಿಸ್ತರಣೆಯಿಂದ ಅಸಂಖ್ಯ ಮಕ್ಕಳಿಗೆ ಉಪಕಾರವಾಗಿರಬಹುದು. ಆದರೆ ಮೊದಲ ಶಿಕ್ಷಕರಿಗೆ ಅದು ತಾವು ಕಂಡುಕೊಂಡ ದಾರಿಯಾಗಿತ್ತು. ಅನಂತರದವರಿಗೆ ಮುದ್ರಿತವಾಗಿ ಬಂದ ಪೆಟ್ಟಿಗೆಯಾಯಿತು. ಕಾರ್ಡು ಅದೇ ಇದ್ದರೂ ಅದರ ಹಿಂದಿನ ಅನುಪ್ರೇಕ್ಷೆಯನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಲಾಗದು.

ಹಾಗಾದರೆ ಶಿಕ್ಷಕರಿಗೆ ಹೊತ್ತೆಲ್ಲಿದೆ? ಶಿಕ್ಷಣ ಹಕ್ಕು ಕಾಯಿದೆ 2009ರ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ ಹಾಗೂ ಚುನಾವಣೆಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಆದರೂ 2025ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಶಾಲೆಗಳ ಶಿಕ್ಷಕರು ಮನೆ ಮನೆ ಅಲೆದರು. ಅದಕ್ಕಾಗಿ ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ಬಿಸಿಯೂಟದ ಲೆಕ್ಕ, ವಿವಿಧ ದಾಖಲಾತಿ, ತಂತ್ರಾಂಶಗಳಿಗೆ ಅಂಕಿಅಂಶ ತುಂಬುವುದು ಇವೆಲ್ಲ ಪ್ರತ್ಯೇಕ. ಖಾಸಗಿ ಶಾಲೆಗಳಲ್ಲಿ ಗಣತಿಯಿಲ್ಲದಿದ್ದರೂ ವಾರ್ಷಿಕೋತ್ಸವ, ಪ್ರವೇಶಾತಿಯ ಪ್ರಚಾರ, ಗೈರುಹಾಜರಾದವರ ತರಗತಿ ಎಂದು ಬಿಡುವಿನ ಅವಧಿಗಳು ಕರಗಿ ಹೋಗುತ್ತವೆ.

ಆದರೆ ಅದೇ ಕಾಯಿದೆಯ ಅನುಸೂಚಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ಮಾತಿದೆ. ಶಿಕ್ಷಕರ ವಾರದ ಕನಿಷ್ಠ ಕೆಲಸ 45 ಗಂಟೆ. ಆ 45ರಲ್ಲಿ ಪಾಠದ ಸಿದ್ಧತೆಯ ವೇಳೆಯೂ ಸೇರಿದೆ. ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಬೋಧನಾ ಗಂಟೆ. ಆರರಿಂದ ಎಂಟರವರೆಗೆ 220 ದಿನ, 1000 ಗಂಟೆ. ಎರಡನೆಯದನ್ನೇ ಹಿಡಿದರೂ ದಿನಕ್ಕೆ ನಾಲ್ಕೂವರೆ ಗಂಟೆ, ಆರು ದಿನದ ವಾರಕ್ಕೆ 27 ಗಂಟೆಗಳಾಗುತ್ತವೆ. ಇದು ಕನಿಷ್ಠ ಮಿತಿ. ಶಾಲೆಗಳು ಇದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತವೆ. ಆದರೂ ಓದುವುದೂ ಸಿದ್ಧವಾಗುವುದೂ ಕೆಲಸದ ಭಾಗವೇ ಹೊರತು ಕೆಲಸದಿಂದ ಕದ್ದ ವೇಳೆಯಲ್ಲ ಎಂದು ಕಾನೂನು ಒಪ್ಪಿಕೊಂಡಂತಾಯಿತು.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಬಹುದು. 220 ಕೆಲಸದ ದಿನಗಳೆಂದರೆ ಸುಮಾರು 37 ವಾರಗಳು. ವಾರಕ್ಕೆ 40 ನಿಮಿಷಗಳ ಎರಡೇ ಅವಧಿಗಳನ್ನು ಕಲಿಕೆಗೆಂದು ಮೀಸಲಿಟ್ಟರೆ ವರ್ಷದಲ್ಲಿ ಸುಮಾರು 49 ಗಂಟೆಗಳಾಗುತ್ತವೆ. ನೀತಿಯು ಬಯಸಿದ 50 ಗಂಟೆಗಳು ಬಹುಮಟ್ಟಿಗೆ ಶಾಲೆಯ ಗೋಡೆಯೊಳಗೇ ತುಂಬುತ್ತವೆ. ಹನ್ನೆರಡು ಶಿಕ್ಷಕರಿರುವ ಶಾಲೆಗೆ ಇದರ ಬೆಲೆ ವಾರಕ್ಕೆ 24 ಅವಧಿಗಳು: ಒಬ್ಬ ಹೆಚ್ಚುವರಿ ಶಿಕ್ಷಕರ ಕೆಲಸದಷ್ಟು. ಭಾಷಾ ಶಿಕ್ಷಕರು ಒಂದು ದಿನ, ಗಣಿತ-ವಿಜ್ಞಾನದವರು ಇನ್ನೊಂದು ದಿನ ಕುಳಿತರೆ ತರಗತಿಗಳೂ ಅನಾಥವಾಗುವುದಿಲ್ಲ. ಆ ಅವಧಿಗೆ ಹೊರಗಿನ ಭಾಷಣಕಾರರು ಬೇಕಿಲ್ಲ. ಮಕ್ಕಳ ಹತ್ತು ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ಇಷ್ಟು ಮಕ್ಕಳು ಒಂದೇ ತಪ್ಪನ್ನು ಏಕೆ ಮಾಡಿದರು ಎಂಬ ಒಂದು ಪ್ರಶ್ನೆಯನ್ನು ಎತ್ತಿಕೊಂಡರೆ ಪೃಚ್ಛನೆಯೂ ಅನುಪ್ರೇಕ್ಷೆಯೂ ಆರಂಭವಾದಂತೆ.

ಈ ವಿಚಾರವು ಸರ್ಕಾರಕ್ಕಷ್ಟೇ ಸಂಬಂಧಿಸಿದ್ದಲ್ಲ. ಬಸದಿಗಳ ವಿಶ್ವಸ್ತ ಮಂಡಳಿಗಳೂ ಸಮಾಜದ ಸಂಸ್ಥೆಗಳೂ ಶಾಲೆಗಳನ್ನು ನಡೆಸುತ್ತಿವೆ, ವಿದ್ಯಾರ್ಥಿನಿಲಯಗಳನ್ನು ಕಟ್ಟಿವೆ, ಭಾನುವಾರದ ಪಾಠಶಾಲೆಗಳನ್ನು ಇರಿಸಿವೆ. ಹೊಸಕೆರೆಹಳ್ಳಿಯ ಕಚೇರಿಯು ಆದೇಶ ಹೊರಡಿಸುವವರೆಗೆ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಕೈ ಕಟ್ಟಿರಬಹುದು. ಮಂಡಳಿಯ ಶಾಲೆಯ ವೇಳಾಪಟ್ಟಿಯಾದರೋ ಬಹುಪಾಲು ಮಂಡಳಿಯ ಕೈಯಲ್ಲಿಯೇ ಇದೆ. ಹೊಸ ಸಭಾಂಗಣಕ್ಕೆ, ಮಹಾದ್ವಾರಕ್ಕೆ ದಾನಿಗಳು ಸುಲಭವಾಗಿ ದೊರೆಯುತ್ತಾರೆ. ಅಲ್ಲಿ ಹೆಸರು ಕೆತ್ತಿಸಬಹುದು. ಶಿಕ್ಷಕರ ಎರಡು ಅವಧಿಗಳ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಆ ಬಗೆಯ ದಾನಕ್ಕೆ ಕೈಗಳು ವಿರಳವಾಗಲು ಇದೂ ಒಂದು ಕಾರಣವಿರಬಹುದು.

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಕಾಲದಲ್ಲಿ ಓದಬಲ್ಲವರಿಗೆ ಕೊರತೆಯಾಗಿದ್ದುದು ಓಲೆಗರಿಯ ಪ್ರತಿ. ಆಕೆ ಅದನ್ನೇ ಕೊಟ್ಟಳು. ಇಂದು ಓದಿಗೆ ಬರವಿಲ್ಲ, ಒಂದು ಬೆರಳ ತುದಿಯಲ್ಲಿ ನೂರು ಘಟಕಗಳು ತೆರೆದುಕೊಳ್ಳುತ್ತವೆ. ಇಂದು ಕೊರತೆಯಾಗಿರುವುದು ಓದುವ ಹೊತ್ತು. ಕೊರತೆಯಿರುವುದನ್ನು ಕೊಡುವುದೇ ದಾನವಾದರೆ, ಈ ಕಾಲದ ಶಾಸ್ತ್ರದಾನವು ವೇಳಾಪಟ್ಟಿಯಲ್ಲಿ ಬರೆಯಲ್ಪಡಬೇಕು.

ಹೊತ್ತು ಕೊಟ್ಟರೆ ಶಿಕ್ಷಕರೆಲ್ಲರೂ ಓದುವರೇ ಎಂಬ ಆಕ್ಷೇಪಣೆ ಬರುವುದು ಸಹಜ. ಎಲ್ಲರೂ ಓದಲಾರರು. ಸ್ವಾಧ್ಯಾಯವು ತಪಸ್ಸಾದ್ದರಿಂದ ಆಜ್ಞೆಯಿಂದ ಅದನ್ನು ಮಾಡಿಸಲಾಗದು. ಆದರೆ ಶ್ರಾವಕರು ಮುನಿಗಳಿಗೆ ಆಹಾರವನ್ನೂ ವಸತಿಯನ್ನೂ ಒದಗಿಸುವುದು ಅವರ ತಪಸ್ಸನ್ನು ತಾವು ಮಾಡಿಸುತ್ತೇವೆಂಬ ಭಾವದಿಂದಲ್ಲ, ಅದಕ್ಕೆ ಅಡ್ಡಿಯಾಗದಿರಲೆಂಬ ಭಾವದಿಂದ. ಶಿಕ್ಷಕರ ವಿಷಯದಲ್ಲಿಯೂ ಸಮಾಜದ ಕರ್ತವ್ಯ ಅಷ್ಟೇ. ಹನ್ನೆರಡು ಮಂದಿಯಲ್ಲಿ ನಾಲ್ವರು ಆ ಅವಧಿಯನ್ನು ಸಾರ್ಥಕಗೊಳಿಸಿದರೂ, ಅವರ ಎದುರಿಗೆ ಪ್ರತಿದಿನ ಕುಳಿತುಕೊಳ್ಳುವ ಮಕ್ಕಳು ನೂರಕ್ಕೂ ಮೀರಿಯಾರು. ಬರುವ ಜೂನ್ ತಿಂಗಳಿನ ವೇಳಾಪಟ್ಟಿಯನ್ನು ಮಂಡಳಿಯ ಮುಂದಿರಿಸುವಾಗ, ಅದರಲ್ಲಿ ಮಕ್ಕಳ ಪಾಠಕ್ಕೆ ಎಷ್ಟು ಅವಧಿ ಎಂದು ಕೇಳುವ ವಿಶ್ವಸ್ತರು ಶಿಕ್ಷಕರ ಪಾಠಕ್ಕೆ ಎಷ್ಟು ಅವಧಿ ಎಂದೂ ಒಮ್ಮೆ ಕೇಳಲಿ.