ಹಿಂದಿನ ಸೀಟಿನ ಬೆಲೆ

ನಾಟಕ, ಚಲನಚಿತ್ರಗಳ ವಿಮರ್ಶೆ ಬರಬೇಕಾದ ಪುಟದಲ್ಲಿ ವಿಡಿಯೋ ಆಟವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಗಳ ಎಳೆಯರು ಗಂಟೆಗಟ್ಟಲೆ ಮುಳುಗಿರುವ ಆಟವೊಂದನ್ನು ಹಿರಿಯರು ನೋಡದೆಯೇ ಹಳಿಯುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಜಪಾನಿನ ಕಜುನೊರಿ ಯಮೌಚಿಯವರ ನೇತೃತ್ವದಲ್ಲಿ 1997ರಲ್ಲಿ ಆರಂಭವಾದ ಸರಣಿಯ ‘ಗ್ರಾನ್ ಟುರಿಸ್ಮೊ 7’ ಬಿಡುಗಡೆಯಾದದ್ದು 2022ರ ಮಾರ್ಚ್‌ನಲ್ಲಿ. ಇದರಲ್ಲಿ ಆಟಗಾರನು ಮೊದಲು ಕೊಳ್ಳುವುದು ಭರ್ಜರಿ ರೇಸ್ ಕಾರನ್ನಲ್ಲ. ಟೊಯೋಟ ಆಕ್ವಾ, ಹೋಂಡ ಫಿಟ್, ಮಾಜ್ದಾ ಡೆಮಿಯೊ ಎಂಬ ಮೂರು ಪುಟ್ಟ ಕಾರುಗಳಲ್ಲಿ ಒಂದನ್ನು, ಅದೂ ಸೆಕೆಂಡ್ ಹ್ಯಾಂಡ್! ಫಿಟ್ ನಮಗೆ ಹೊಸದಲ್ಲ. ಭಾರತಕ್ಕೆ 2009ರಲ್ಲಿ ‘ಜಾಝ್’ ಎಂಬ ಹೆಸರಿನಿಂದ ಬಂದದ್ದು ಅದೇ.

ಸ್ಪರ್ಧೆಯಲ್ಲಿ ಗೆದ್ದ ಹಣದಿಂದ ಈ ಕಾರಿಗೆ ಹೊಸ ಬಿಡಿಭಾಗಗಳನ್ನು ಹಾಕಿಸಬಹುದು. ಇಲ್ಲಿಯೇ ಆಟದ ಹಿರಿಮೆ ಇದೆ. ಕಾರನ್ನು ಎಳೆಯುವವೂ ಮುಂದಿನ ಚಕ್ರಗಳೇ, ತಿರುಗಿಸುವವೂ ಅವೇ. ಹಣವನ್ನೆಲ್ಲ ಎಂಜಿನ್ನಿಗೆ ಸುರಿದವನ ಕಾರು ತಿರುವಿನಲ್ಲಿ ಮಾತು ಕೇಳದೆ ಹೊರಕ್ಕೆ ಸರಿಯುತ್ತದೆ. ಒಳ್ಳೆಯ ಟೈರು, ಬ್ರೇಕು, ಸಸ್ಪೆನ್ಷನ್ ಮೊದಲು, ಬಲ ಆಮೇಲೆ. ಉಪದೇಶವಿಲ್ಲದೆ, ಸೋಲಿನಿಂದಲೇ ಈ ವಿವೇಕ ಮೂಡುತ್ತದೆ.

ಕೊರತೆಯೂ ಇದೆ. ಕಾರಿನ ಯೋಗ್ಯತೆಯನ್ನೆಲ್ಲ ಆಟವು ‘ಪಿಪಿ’ ಎಂಬ ಒಂದು ಅಂಕಿಗೆ ಇಳಿಸಿಬಿಡುತ್ತದೆ. ಬಲ ಹೆಚ್ಚಿದರೆ ಅಂಕಿ ಏರುತ್ತದೆ. ತೂಕ ಇಳಿದರೂ ಏರುತ್ತದೆ. ರೇಸಿನವರು ತೂಕ ಇಳಿಸುವುದೆಂದರೆ ಮೊದಲು ಕಿತ್ತುಹಾಕುವುದು ಹಿಂದಿನ ಸೀಟನ್ನು. ಫಿಟ್‌ನ ಜಾಣ್ಮೆಯೆಲ್ಲ ಇರುವುದೋ ಅಲ್ಲಿಯೇ! ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟುಗಳ ಕೆಳಗಿಟ್ಟು, ಹಿಂದೆ ಅಜ್ಜಿ, ಮೊಮ್ಮಕ್ಕಳು ಆರಾಮವಾಗಿ ಕೂರಲು, ಸೀಟು ಮಡಚಿದರೆ ಊರಿನಿಂದ ತಂದ ಅಕ್ಕಿಮೂಟೆ ಹಿಡಿಸಲು ಜಾಗ ಮಾಡಿದ ಕಾರು ಅದು. ಆ ಜಾಗಕ್ಕೆ ಪಿಪಿಯಲ್ಲಿ ಬೆಲೆಯಿಲ್ಲ.

ರೇಸಿನ ಆಟದಲ್ಲಿ ಅಕ್ಕಿಮೂಟೆಗೇನು ಕೆಲಸ ಎನ್ನಬಹುದು. ಒಪ್ಪಿದೆವು. ಆದರೆ ಸಂಸಾರದ ಕಾರಿನಿಂದಲೇ ಕಥೆ ಆರಂಭಿಸಿದವರು, ಆ ಕಾರನ್ನು ಕಟ್ಟಿದವರ ಉದ್ದೇಶವನ್ನು ಅಂಕಿಯ ಹೊರಗೆ ಬಿಡಬಾರದಿತ್ತು. ಇದರಿಂದಾಗಿ ಪುಟ್ಟ ಕಾರು ದೊಡ್ಡ ಕಾರಿಗೆ ಹತ್ತುವ ಮೆಟ್ಟಿಲು ಮಾತ್ರವಾಗಿದೆ.

ಆದರೂ ಮಕ್ಕಳು ಈ ಆಟವನ್ನು ಆಡಲಿ ಎಂದೇ ಹೇಳುತ್ತೇವೆ. ಒಂದು ದಿನ ಹಿರಿಯರೂ ಪಕ್ಕದಲ್ಲಿ ಕುಳಿತು, ‘ಈ ಕಾರಿನಲ್ಲಿ ಎಷ್ಟು ಜನ ಕೂರಬಹುದು?’ ಎಂದು ಕೇಳಲಿ. ಪರದೆಯ ಮೇಲೆ ಇಲ್ಲದ ಆ ಲೆಕ್ಕವನ್ನು ಹೇಳಿಕೊಡಬೇಕಾದವರು ನಾವೇ.