ವಸ್ತು, ನೆಲೆ, ನೋಟ: ಫಿಲಡೆಲ್ಫಿಯಾ ನಗರದ ಕಲಾಮಂದಿರಗಳನ್ನು ಕುರಿತು

ಕಾವ್ಯವನ್ನು ವಿಮರ್ಶಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಚಿತ್ರವನ್ನೂ ಶಿಲ್ಪವನ್ನೂ ವಿಮರ್ಶಿಸುವವರು ಕೆಲವರಾದರೂ ಇದ್ದಾರೆ. ಆದರೆ ಚಿತ್ರಶಿಲ್ಪಗಳನ್ನು ಕೂಡಿಟ್ಟ ಮನೆಯನ್ನೇ ಒಂದು ಕೃತಿಯೆಂದು ಭಾವಿಸಿ, ಅದರ ಗುಣದೋಷಗಳನ್ನು ತೂಗಿನೋಡುವ ಪದ್ಧತಿ ಇನ್ನೂ ಬೇರೂರಿಲ್ಲ. ಕಲಾಮಂದಿರವು ಉಗ್ರಾಣವಲ್ಲ. ಯಾವುದನ್ನು ಯಾವುದರ ಪಕ್ಕದಲ್ಲಿಡಬೇಕು, ಯಾವುದಕ್ಕೆ ಎಷ್ಟು ಬೆಳಕು ಬೀಳಬೇಕು, ಹಲಗೆಯ ಮೇಲೆ ಏನು ಬರೆಯಬೇಕು ಎಂಬುದನ್ನೆಲ್ಲ ಅಲ್ಲಿ ಯಾರೋ ನಿಶ್ಚಯಿಸಿರುತ್ತಾರೆ. ಪದಗಳನ್ನು ಜೋಡಿಸುವವನು ಅರ್ಥವನ್ನು ಹುಟ್ಟಿಸುವಂತೆ ವಸ್ತುಗಳನ್ನು ಜೋಡಿಸುವವನೂ ಅರ್ಥವನ್ನು ಹುಟ್ಟಿಸುತ್ತಾನೆ. ಔಚಿತ್ಯ ಕೆಟ್ಟಲ್ಲಿ ರಸವೂ ಕೆಡುತ್ತದೆಂಬುದು ನಮ್ಮ ಆಲಂಕಾರಿಕರ ಮತ. ಆ ಅಳತೆಗೋಲನ್ನೇ ಹಿಡಿದು ಅಮೆರಿಕದ ಒಂದು ಮಹಾನಗರದ ಕಲಾಮಂದಿರಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಹುಟ್ಟಿದ ನೆಲೆಯಿಂದ ಕಿತ್ತು ತಂದ ವಸ್ತುವಿಗೆ ಹೊಸ ನೆಲೆಯಲ್ಲಿ ಔಚಿತ್ಯವುಂಟೆ? ಉಂಟಾದರೆ ಅದನ್ನು ಕೊಡುವವರು ಯಾರು? ಇದೇ ನಮ್ಮ ಪ್ರಶ್ನೆ.

ಫಿಲಡೆಲ್ಫಿಯಾ ಅಮೆರಿಕದ ಸ್ವಾತಂತ್ರ್ಯಘೋಷಣೆ ಹೊರಟ ಊರು. ೨೦೨೦ರ ಜನಗಣತಿಯಂತೆ ಅಲ್ಲಿ ಸುಮಾರು ೧೬ ಲಕ್ಷ ಜನರಿದ್ದರು. ಘೋಷಣೆಯಾಗಿ ನೂರು ವರ್ಷ ತುಂಬಿದ ೧೮೭೬ರಲ್ಲಿ ಅಲ್ಲೊಂದು ಮಹಾಪ್ರದರ್ಶನ ನಡೆಯಿತು. ಅದರ ಫಲವಾಗಿಯೇ ನಗರದ ಕಲಾ ಸಂಗ್ರಹಾಲಯ ಹುಟ್ಟಿಕೊಂಡಿತು. ಇಂದಿನ ಕಟ್ಟಡ ೧೯೨೮ರಲ್ಲಿ ತೆರೆಯಿತು. ನಗರಸಭೆಯ ಭವನದಿಂದ ಹೊರಟ ಅಗಲವಾದ ಸಾಲುಮರದ ಬೀದಿ ನೇರವಾಗಿ ಒಂದು ಗುಡ್ಡದ ಬುಡಕ್ಕೆ ಹೋಗಿ ಮುಟ್ಟುತ್ತದೆ. ಗುಡ್ಡದ ನೆತ್ತಿಯಲ್ಲಿ ಹೊಂಬಣ್ಣದ ಕಲ್ಲಿನ ಗ್ರೀಕ್ ದೇಗುಲದಂತೆ ಈ ಮಂದಿರ ನಿಂತಿದೆ. ಅದರ ಮುಮ್ಮೊಗದ ತ್ರಿಕೋಣಗಳು ಎಂಟು. ಅವುಗಳಲ್ಲಿ ಒಂದರಲ್ಲಿ ಮಾತ್ರ ಗ್ರೀಕ್ ದೇವತೆಗಳ ಬಣ್ಣದ ಮೂರ್ತಿಗಳಿವೆ, ಉಳಿದವು ಬರಿದು. ಎದುರಿಗೆ ೭೨ ಮೆಟ್ಟಿಲುಗಳು. ೧೯೭೬ರಲ್ಲಿ ತೆರೆಕಂಡ ‘ರಾಕಿ’ ಎಂಬ ಚಲಚ್ಚಿತ್ರದಲ್ಲಿ ಬಡ ಮುಷ್ಟಿಯೋಧನೊಬ್ಬ ಈ ಮೆಟ್ಟಿಲುಗಳನ್ನು ಓಡಿ ಹತ್ತುತ್ತಾನೆ. ಅಂದಿನಿಂದ ಹಾಗೆ ಓಡಿ ಹತ್ತಿ, ಕೈಯೆತ್ತಿ ಕುಣಿದು, ಒಳಗೆ ಕಾಲಿಡದೆಯೇ ಇಳಿದುಹೋಗುವವರು ಬಹಳ. ಇದನ್ನು ಕಂಡು ನಗುವುದು ಸುಲಭ. ನಮಗಾದರೋ ಇದು ಕಟ್ಟಡದ ಮೇಲೆ ಜನರು ಬರೆದ ವಿಮರ್ಶೆಯಂತೆ ತೋರಿತು. ಗುಡ್ಡದ ಮೇಲೆ ದೇಗುಲದಂತೆ ಕಟ್ಟಿದ ಮನೆ ದೂರದಿಂದ ಕೈಮುಗಿಸಿಕೊಳ್ಳುತ್ತದೆ. ಹತ್ತಿರ ಬಾ ಎಂದು ಕರೆಯುವುದಿಲ್ಲ.

ಒಳಗೆ ಹೋದವರಿಗೆ ಕಾಣುವುದು ದೇಶದೇಶಗಳ ಕೋಣೆಗಳು. ೧೯೨೫ರಿಂದ ೧೯೫೫ರವರೆಗೆ ನಿರ್ದೇಶಕರಾಗಿದ್ದ ಫಿಸ್ಕ್ ಕಿಂಬಲ್ ಅವರು, ನೋಡುವವನು ಕಾಲದ ಬೀದಿಯಲ್ಲಿ ನಡೆದುಹೋಗುವಂತಿರಬೇಕೆಂದು ಬಯಸಿದರು. ಆದುದರಿಂದ ಇಲ್ಲಿ ಫ್ರಾನ್ಸಿನ ಸಂನ್ಯಾಸಿಮಠದ ಅಂಗಳವುಂಟು, ಜಪಾನಿನ ಚಹಾಗೃಹವುಂಟು, ಚೀನದ ಅರಮನೆಯ ಹಜಾರವುಂಟು. ಇವುಗಳ ನಡುವೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಧುರೆಯ ಮಂಟಪ.

ಈ ಮಂಟಪದ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸುಮಾರು ೧೫೬೦ರಲ್ಲಿ, ವಿಜಯನಗರಕ್ಕೆ ಅಧೀನರಾದ ನಾಯಕರು ಮಧುರೆಯನ್ನಾಳುತ್ತಿದ್ದಾಗ, ಅಲ್ಲಿಯ ಮದನಗೋಪಾಲಸ್ವಾಮಿಯ ಗುಡಿಗೆ ಸೇರಿದಂತೆ ಕಡೆದ ಕಂಬಗಳಿವು. ರಕ್ಕಸತಂಗಡಿಯ ಯುದ್ಧಕ್ಕೆ ಆಗ ಇನ್ನೂ ಐದಾರು ವರ್ಷವಿತ್ತು. ಹಂಪೆಯ ವಿಠ್ಠಲನ ಗುಡಿಯ ಕಂಬಗಳನ್ನು ಕಂಡವರಿಗೆ ಈ ಕಲ್ಲಿನ ಕುಲ ಕೂಡಲೇ ತಿಳಿಯುತ್ತದೆ. ಕಂಬ ಕೇವಲ ಕಂಬವಾಗಿರಲೊಲ್ಲದೆ ಮೂರ್ತಿಯಾಗಿ ಮುಂದಕ್ಕೆ ಹೆಜ್ಜೆಯಿಡುವ ರೀತಿ ಅದು. ೧೯೧೨ರಲ್ಲಿ ಫಿಲಡೆಲ್ಫಿಯಾದ ಅಡೆಲಿನ್ ಪೆಪ್ಪರ್ ಗಿಬ್ಸನ್ ಎಂಬ ಮಹಿಳೆ ಪ್ರವಾಸ ಹೊರಟು ಮಧುರೆಗೆ ಬಂದರು. ಗುಡಿಯ ಆವರಣದಲ್ಲಿ ರಾಶಿಬಿದ್ದಿದ್ದ ಈ ಕಲ್ಲುಗಳನ್ನು ಕೊಂಡು ಹಡಗಿನಲ್ಲಿ ಊರಿಗೆ ಸಾಗಿಸಿದರು. ಒಂದನೆಯ ಮಹಾಯುದ್ಧದಲ್ಲಿ ಸೇವೆಗೆ ಹೋಗಿ ಫ್ರಾನ್ಸಿನಲ್ಲಿ ತೀರಿಕೊಂಡರು. ಅವರ ನೆನಪಿಗಾಗಿ ಮನೆಯವರು ೧೯೧೯ರಲ್ಲಿ ಕಲ್ಲುಗಳನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಬಿಡಿಬಿಡಿಯಾಗಿ ಬಂದುದನ್ನು ಅಂಥ ಮಂಟಪಗಳ ರೀತಿಯನ್ನನುಸರಿಸಿ ಜೋಡಿಸಿ ನಿಲ್ಲಿಸಲಾಯಿತು. ಅಲ್ಲಿಯ ವಿಶ್ವವಿದ್ಯಾಲಯದ ಸಂಸ್ಕೃತ ಪ್ರಾಧ್ಯಾಪಕ ನಾರ್ಮನ್ ಬ್ರೌನ್ ಅವರು ಇದರ ಮೂಲವನ್ನು ಶೋಧಿಸಿ ೧೯೪೦ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ೨೦೧೬ರಲ್ಲಿ ಕೋಣೆಯನ್ನು ಹೊಸದಾಗಿ ಅಣಿಗೊಳಿಸಿದರು.

ಗರುಡನಿದ್ದಾನೆ, ಹನುಮಂತನಿದ್ದಾನೆ, ಕಡೆತದಲ್ಲಿ ಕುಂದಿಲ್ಲ, ರಕ್ಷಣೆಯಲ್ಲಿ ಕುಂದಿಲ್ಲ. ಆದರೂ ಆ ಕಂಬಗಳ ನಡುವೆ ನಿಂತಾಗ ನಮಗೆ ಒಂದು ಕೊರತೆ ಭಾಸವಾಯಿತು. ಮಂಟಪವೆಂಬುದು ದಾರಿ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಕತ್ತಲಿಗೆ, ಕತ್ತಲಿನಿಂದ ದೀಪದ ಮುಂದಿನ ಮೂರ್ತಿಗೆ ಭಕ್ತನನ್ನು ಮೆಲ್ಲಮೆಲ್ಲನೆ ಕರೆದೊಯ್ಯುವುದು ಅದರ ಕೆಲಸ. ಇಲ್ಲಿಯ ದಾರಿ ಯಾವ ಗರ್ಭಗುಡಿಗೂ ಹೋಗುವುದಿಲ್ಲ. ಎಣ್ಣೆಯ ಜಿಡ್ಡಿಲ್ಲ, ಹೂವಿನ ವಾಸನೆಯಿಲ್ಲ. ಗರುಡ ಹನುಮಂತರು ಕೈಮುಗಿದಿದ್ದರೂ ಎದುರಿಗೆ ಒಡೆಯನಿಲ್ಲ. ವಾಕ್ಯದಿಂದ ಕ್ರಿಯಾಪದವನ್ನು ತೆಗೆದು, ಉಳಿದ ಪದಗಳನ್ನು ಚೆನ್ನಾಗಿ ತೊಳೆದಿಟ್ಟಂತೆ ಇದೆ. ಪದಗಳು ಸುಂದರವಾಗಿವೆ; ವಾಕ್ಯ ಮುಗಿಯುವುದಿಲ್ಲ.

ಮತ್ತೊಂದು ಪಕ್ಷವನ್ನೂ ಹೇಳದಿದ್ದರೆ ವಿಮರ್ಶೆ ಏಕಮುಖವಾದೀತು. ಈ ಕಲ್ಲುಗಳು ಪೂಜೆ ನಡೆಯುತ್ತಿದ್ದ ಮಂಟಪದಿಂದ ಕಿತ್ತವಲ್ಲ, ಆಗಲೇ ರಾಶಿಬಿದ್ದಿದ್ದವು. ವಾಕ್ಯ ಮಧುರೆಯಲ್ಲಿಯೇ ಮುರಿದಿತ್ತು. ಅಲ್ಲದೆ, ಈ ಮಂದಿರದಲ್ಲಿ ೧೯೫೪ರಿಂದ ಭಾರತೀಯ ಕಲಾವಿಭಾಗವನ್ನು ನೋಡಿಕೊಂಡವರು ಸ್ಟೆಲ್ಲಾ ಕ್ರಾಮ್ರಿಶ್. ಕಲ್ಕತ್ತೆಯ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಬೋಧಿಸಿ, ೧೯೪೬ರಲ್ಲಿ ಹಿಂದೂ ದೇವಾಲಯವನ್ನು ಕುರಿತು ಎರಡು ಸಂಪುಟಗಳ ಮಹಾಗ್ರಂಥವನ್ನು ಕೊಟ್ಟವರು. ದೇವಾಲಯವನ್ನು ಕಟ್ಟಡವೆಂದಷ್ಟೇ ಎಣಿಸದೆ ಒಂದು ತತ್ತ್ವದ ದೇಹವೆಂದು ವಿವರಿಸಿದ ಆ ವಿದುಷಿ ೧೯೬೮ರಲ್ಲಿ ಹಳ್ಳಿಯವರ ಮತ್ತು ಗಿರಿಜನರ ಆರಾಧನಾ ಕಲೆಯನ್ನು, ೧೯೮೧ರಲ್ಲಿ ಶಿವನ ನಾನಾ ರೂಪಗಳನ್ನು ಅಲ್ಲಿ ಪ್ರದರ್ಶಿಸಿದರು. ಪರದೇಶದ ಕೋಣೆಯಲ್ಲಿ ಕಲ್ಲು ಮೂಕವಾಗದಂತೆ ಭಾಷ್ಯ ಬರೆದವರು ಅವರು. ಆದರೂ ಭಾಷ್ಯ ಪೂಜೆಯಾಗದು. ಕೊಂಡವರ ಹೆಸರು ನಮಗೆ ತಿಳಿದಿದೆ, ಶೋಧಿಸಿದವರ ಹೆಸರು ತಿಳಿದಿದೆ. ಆ ರಾಶಿಯ ಪಕ್ಕದಲ್ಲಿ ದಿನವೂ ನಡೆದಾಡಿದ ಮಧುರೆಯ ಜನರ ಮಾತು ಮಾತ್ರ ನಮಗೆ ತಲಪಿದ ಕತೆಯಲ್ಲಿ ಎಲ್ಲಿಯೂ ಕೇಳಿಬರುವುದಿಲ್ಲ. ದೋಷವೆಂದರೆ ಇದೇ.

ಗುಡ್ಡವಿಳಿದು ಅದೇ ಬೀದಿಯಲ್ಲಿ ಬಂದರೆ ೧೯೨೯ರಲ್ಲಿ ತೆರೆದ ರೋಡಿನ್ ಮಂದಿರ ಸಿಗುತ್ತದೆ. ಚಿತ್ರಮಂದಿರಗಳ ಒಡೆಯ ಜೂಲ್ಸ್ ಮಾಸ್ಟ್‌ಬಾಮ್ ಫ್ರೆಂಚ್ ಶಿಲ್ಪಿ ರೋಡಿನ್ನನ ಕೃತಿಗಳನ್ನು ಕೂಡಿಸಿ ಊರಿಗೆ ಬಿಟ್ಟುಹೋದ ಕಾಣಿಕೆ ಅದು. ಒಬ್ಬನೇ ಶಿಲ್ಪಿ, ಚಿಕ್ಕ ತೋಟ, ಚಿಕ್ಕ ಮನೆ; ಹಿತಮಿತವಾದ ಭಾವಗೀತೆಯಂತಿದೆ. ಅದರ ಬಳಿಯಲ್ಲೇ ಬಾರ್ನ್ಸ್ ಸಂಸ್ಥೆಯ ಮಂದಿರವಿದೆ. ಉಪಾಧ್ಯಾಯರಾದವರು ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನು.

ಆಲ್ಬರ್ಟ್ ಬಾರ್ನ್ಸ್ (೧೮೭೨–೧೯೫೧) ಈ ನಗರದ ಬಡಕುಟುಂಬದಲ್ಲಿ ಹುಟ್ಟಿ, ವೈದ್ಯಶಾಸ್ತ್ರ ಕಲಿತು, ಆರ್ಜಿರಾಲ್ ಎಂಬ ಔಷಧಿಯನ್ನು ತಯಾರಿಸಿ ಮಾರಿ ಸಿರಿವಂತನಾದವನು. ತನ್ನ ಕಾರ್ಖಾನೆಯ ಗೋಡೆಗೆ ಚಿತ್ರಗಳನ್ನು ತೂಗುಹಾಕಿ, ಕೆಲಸದ ವೇಳೆಯಲ್ಲೇ ದಿನಕ್ಕೆ ಎರಡು ಗಂಟೆ ಕೆಲಸಗಾರರೊಡನೆ ಓದು ಚರ್ಚೆಗಳನ್ನು ನಡೆಸಿದನು. ೧೯೨೨ರಲ್ಲಿ ಸ್ಥಾಪಿಸಿದ ಸಂಸ್ಥೆಯನ್ನು ಅವನು ಸಂಗ್ರಹಾಲಯವೆಂದು ಕರೆಯದೆ ಶಾಲೆಯೆಂದೇ ಕರೆದನು. ತತ್ತ್ವಜ್ಞ ಜಾನ್ ಡ್ಯೂಯಿ ಅದರ ಶಿಕ್ಷಣದ ಹೊಣೆ ಹೊತ್ತಿದ್ದರು. ಕಲೆಯನ್ನು ಅನುಭವವೆಂದು ನಿರೂಪಿಸಿದ ತಮ್ಮ ೧೯೩೪ರ ಗ್ರಂಥವನ್ನು ಬಾರ್ನ್ಸನಿಗೇ ಅರ್ಪಿಸಿದರು. ಹೆಸರಾಂತ ವಿಮರ್ಶಕರು ಬಾಗಿಲಿಗೆ ಬಂದರೆ ಬಾರ್ನ್ಸ್ ಒಳಗೆ ಬಿಡುತ್ತಿರಲಿಲ್ಲ. ದುಡಿಯುವವರನ್ನು ಕರೆದು ಕುಳ್ಳಿರಿಸುತ್ತಿದ್ದನು.

ಅಲ್ಲಿ ರೆನ್ವಾರನ ೧೮೧, ಸೆಜಾನನ ೬೯, ಮಾಟಿಸನ ೫೯ ಕೃತಿಗಳಿವೆ. ಆದರೆ ಎಣಿಕೆಗಿಂತ ಜೋಡಣೆ ವಿಶೇಷ. ಕಾಲಕ್ರಮವಿಲ್ಲ, ದೇಶವಿಭಾಗವಿಲ್ಲ, ಗೋಡೆಯ ಮೇಲೆ ವಿವರಣೆಯಿಲ್ಲ. ಚಿತ್ರಗಳ ನಡುನಡುವೆ ಕಬ್ಬಿಣದ ಚಿಲಕ, ಬಾಗಿಲ ಕೀಲು, ಬೀಗದ ತಗಡು. ಕೆಳಗೆ ಹಳ್ಳಿಯ ಬಡಗಿ ಮಾಡಿದ ಪೆಟ್ಟಿಗೆ. ಮುಖ್ಯ ಹಜಾರದಲ್ಲಿ ಸೆಜಾನನ ‘ಇಸ್ಪೀಟಾಟದವರು’ ಎಂಬ ಚಿತ್ರದ ಮೇಲೆ ಸ್ಯೂರಾನ ‘ರೂಪದರ್ಶಿನಿಯರು’ ಎಂಬ ಚಿತ್ರವಿದೆ. ಕೆಳಗಿನವರು ದಪ್ಪ ಬಟ್ಟೆ ತೊಟ್ಟ ಒಕ್ಕಲಿಗರು, ಮೇಲಿನವರು ಬತ್ತಲೆ ಯುವತಿಯರು. ವಿಷಯದಲ್ಲಿ ಸಂಬಂಧವೇ ಇಲ್ಲ. ಆದರೆ ನೋಡುತ್ತ ನಿಂತರೆ, ಗುಂಪನ್ನು ಅಲುಗದಂತೆ ಹೇಗೆ ಕಟ್ಟಬೇಕು ಎಂಬ ಒಂದೇ ಸಮಸ್ಯೆಯನ್ನು ಇಬ್ಬರೂ ಬಿಡಿಸುತ್ತಿರುವುದು ಕಣ್ಣಿಗೆ ಹೊಳೆಯುತ್ತದೆ. ಸೆಜಾನ್ ಭಾರದಿಂದ, ಸ್ಯೂರಾ ಚುಕ್ಕೆಚುಕ್ಕೆಯಾಗಿಟ್ಟ ಬೆಳಕಿನಿಂದ. ಬೆಳಕು, ಗೆರೆ, ಬಣ್ಣ, ಅವಕಾಶ — ಈ ನಾಲ್ಕನ್ನು ಮೊದಲು ನೋಡು, ಹೆಸರನ್ನು ಆಮೇಲೆ ಕೇಳು ಎಂಬುದು ಬಾರ್ನ್ಸನ ಪಾಠ. ಇಂಥ ಪಾಠವನ್ನು ಬೇರಾವ ಮಂದಿರದ ಗೋಡೆಯೂ ಇಷ್ಟು ಸ್ಪಷ್ಟವಾಗಿ ನಮಗೆ ಹೇಳಲಿಲ್ಲ.

ದೋಷವೂ ಉಂಟು. ಬಾರ್ನ್ಸ್ ತಾನು ಇಟ್ಟದ್ದನ್ನು ಯಾರೂ ಕದಲಿಸಬಾರದೆಂದು ವಿಧಿಸಿದನು. ಟೀಕೆಯನ್ನು ಮೂಲದೊಡನೆ ಒಟ್ಟಿಗೇ ಹೊಲಿದುಬಿಟ್ಟ ಗ್ರಂಥದಂತಾಯಿತು ಅದು. ಇನ್ನೊಬ್ಬ ಟೀಕಾಕಾರನಿಗೆ ಅಂಚಿನಲ್ಲೂ ಜಾಗವಿಲ್ಲ. ಸ್ವತಂತ್ರವಾಗಿ ನೋಡಿರೆಂದು ಹೇಳಿದ ಗುರು ತನ್ನಂತೆಯೇ ನೋಡಿರೆಂದೂ ಕಟ್ಟುಮಾಡಿದನು.

ಆ ಕಟ್ಟೂ ಉಳಿಯಲಿಲ್ಲ. ಮೂಲ ಮಂದಿರ ನಗರದ ಹೊರಗೆ ಮೆರಿಯನ್ ಎಂಬಲ್ಲಿತ್ತು. ಸಂಸ್ಥೆಗೆ ಹಣದ ಅಡಚಣೆ ಬಂತು. ೨೦೦೪ರಲ್ಲಿ ನ್ಯಾಯಾಲಯ ಸ್ಥಳಾಂತರಕ್ಕೆ ಒಪ್ಪಿಗೆಯಿತ್ತಿತು. ೨೦೧೨ರಲ್ಲಿ ಈ ಬೀದಿಯ ಹೊಸ ಕಟ್ಟಡ ತೆರೆಯಿತು. ಹಳೆಯ ಕೋಣೆಗಳ ಅಳತೆಯನ್ನೇ ಇಟ್ಟುಕೊಂಡು, ಪ್ರತಿಯೊಂದು ಚಿಲಕವನ್ನೂ ಮೊದಲಿನ ಜಾಗದಲ್ಲೇ ಕೂಡಿಸಿದ್ದಾರೆ. ಗೋಡೆಯ ಮೇಲಿನ ಸ್ಥಾನ ಕೆಟ್ಟಿಲ್ಲ, ನೋಡುವವರ ಸಂಖ್ಯೆ ಹೆಚ್ಚಿದೆ. ಹಾಗಾದರೆ ನಷ್ಟವೇನೆಂದು ಕೇಳಬಹುದು. ಧರ್ಮದರ್ಶಿಗಳ ಐದು ಸ್ಥಾನಗಳಲ್ಲಿ ನಾಲ್ಕಕ್ಕೆ ಹೆಸರು ಸೂಚಿಸುವ ಹಕ್ಕನ್ನು ಬಾರ್ನ್ಸ್, ಆಫ್ರಿಕ ಮೂಲದ ಅಮೆರಿಕನ್ನರ ಶಿಕ್ಷಣಕ್ಕಾಗಿ ೧೮೫೪ರಲ್ಲಿ ಸ್ಥಾಪಿತವಾದ ಲಿಂಕನ್ ವಿದ್ಯಾಲಯಕ್ಕೆ ಬಿಟ್ಟಿದ್ದನು. ಸ್ಥಳಾಂತರದ ಏರ್ಪಾಟಿನಲ್ಲಿ ಮಂಡಳಿ ಹದಿನೈದು ಜನರದಾಯಿತು. ಆ ವಿದ್ಯಾಲಯದ ಬಹುಮತ ಹೋಯಿತು. ಚಿತ್ರಗಳು ಕೆಲವು ಮೈಲಿ ಸರಿದವು, ಅವುಗಳ ಮೇಲೆ ಮಾತಾಡುವ ಅಧಿಕಾರ ಅದಕ್ಕಿಂತ ದೂರ ಸರಿಯಿತು. ಸ್ಥಳಾಂತರವನ್ನು ವಿರೋಧಿಸಿದವರಲ್ಲಿ ಬಹುಮಂದಿ ತೋಟಕ್ಕೂ ಕಟ್ಟಡಕ್ಕೂ ಮರುಗಿದರು. ನಾವು ಮರುಗುವುದು ಇದಕ್ಕೆ.

ಕೊನೆಯದಾಗಿ ಒಂದೇ ಒಂದು ಚಿತ್ರದ ವೃತ್ತಾಂತ. ಫಿಲಡೆಲ್ಫಿಯಾದವನೇ ಆದ ಥಾಮಸ್ ಈಕಿನ್ಸ್ ೧೮೭೫ರಲ್ಲಿ ‘ಗ್ರಾಸ್ ಕ್ಲಿನಿಕ್’ ಎಂಬ ದೊಡ್ಡ ಚಿತ್ರವನ್ನು ಬರೆದನು. ಊರಿನ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಡಾಕ್ಟರ್ ಗ್ರಾಸ್ ಶಿಷ್ಯರ ಮುಂದೆ ರೋಗಿಯ ತೊಡೆಯ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದಾರೆ. ಹಣೆಯ ಮೇಲೆ ಬೆಳಕು, ಬೆರಳುಗಳಲ್ಲಿ ನೆತ್ತರು, ಪಕ್ಕದಲ್ಲಿ ಒಬ್ಬ ಹೆಂಗಸು ಮುಖ ಮುಚ್ಚಿಕೊಂಡು ಮುರುಟಿಹೋಗಿದ್ದಾಳೆ. ಜ್ಞಾನದ ಸ್ಥೈರ್ಯವನ್ನೂ ಕರುಳಿನ ಭಯವನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ಯಾವುದನ್ನೂ ಕೀಳುಗಳೆಯದ ಚಿತ್ರವಿದು. ರೌದ್ರ, ಭೀಭತ್ಸ, ಕರುಣಗಳನ್ನು ದಾಟಿ ಶಾಂತಕ್ಕೆ ಬಂದು ನಿಲ್ಲುತ್ತದೆ. ೧೮೭೬ರ ಪ್ರದರ್ಶನದ ಕಲಾಪರೀಕ್ಷಕರು ಇದನ್ನು ತಿರಸ್ಕರಿಸಿದರು. ಸೈನ್ಯದ ಆಸ್ಪತ್ರೆಯ ಮಾದರಿಯನ್ನು ತೋರಿಸುವ ವಿಭಾಗದಲ್ಲಿ ಇದನ್ನು ಇಟ್ಟರು. ೧೮೭೮ರಲ್ಲಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ೨೦೦ ಡಾಲರಿಗೆ ಕೊಂಡು ಕಾಲೇಜಿಗೆ ಕೊಟ್ಟರು.

೨೦೦೬ರಲ್ಲಿ ಇದೇ ಚಿತ್ರ ೬೮೦ ಲಕ್ಷ ಡಾಲರಿಗೆ ಪರಊರಿನ ಪಾಲಾಗುವುದೆಂದು ಗೊತ್ತಾಯಿತು. ಅಷ್ಟೇ ಹಣವನ್ನು ೪೫ ದಿನಗಳಲ್ಲಿ ಹೊಂದಿಸಿದರೆ ಊರಿನಲ್ಲೇ ಉಳಿಯಬಹುದೆಂಬ ನಿಬಂಧನೆಯಿತ್ತು. ಮೂರು ಸಾವಿರಕ್ಕೂ ಮೀರಿದ ಜನ ವಂತಿಗೆ ಕೊಟ್ಟರು. ಸಾಲದ್ದಕ್ಕೆ ಸಾಲ ಮಾಡಿದರು. ಸಾಲ ತೀರಿಸಲು ನಗರದ ಸಂಗ್ರಹಾಲಯವೂ, ೧೮೦೫ರಲ್ಲಿ ಸ್ಥಾಪಿತವಾದ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿಯೂ ತಮ್ಮಲ್ಲಿದ್ದ ಈಕಿನ್ಸನ ಬೇರೆ ಚಿತ್ರಗಳನ್ನು ಮಾರಿದವು. ಈಗ ಚಿತ್ರ ಎರಡಕ್ಕೂ ಸೇರಿದ ಸೊತ್ತು. ತರಗತಿಯಲ್ಲಿ ನಗ್ನರೂಪವನ್ನು ತೋರಿಸಿದನೆಂದು ೧೮೮೬ರಲ್ಲಿ ಈಕಿನ್ಸನನ್ನು ಕೆಲಸ ಬಿಡಿಸಿದ್ದು ಇದೇ ಅಕಾಡೆಮಿ. ಊರು ತನ್ನವನನ್ನು ಗುರುತಿಸಲು ಎಷ್ಟೋ ವೇಳೆ ಇಷ್ಟು ಕಾಲ ಹಿಡಿಯುತ್ತದೆ.

ಮೂರು ವೃತ್ತಾಂತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮಧುರೆಯ ಕಂಬಗಳ ಸುತ್ತ ಬಳಕೆ ನಿಂತುಹೋಗಿತ್ತು. ಕೊಂಡೊಯ್ಯುವವರಿಗೆ ಅಡ್ಡ ಬಂದವರ ಸುದ್ದಿಯಿಲ್ಲ. ಬಾರ್ನ್ಸನ ಚಿತ್ರಗಳಿಗೆ ಕಟ್ಟುನಿಟ್ಟಾದ ಪತ್ರದ ಕಾವಲಿತ್ತು, ಪತ್ರ ಸೋತಿತು. ಈಕಿನ್ಸನ ಚಿತ್ರಕ್ಕೆ ಮೂರು ಸಾವಿರ ಜನರ ಒಲವಿತ್ತು, ಅದು ಉಳಿಯಿತು. ಇದರಿಂದ ನಾವು ತಲಪಿದ ನಿರ್ಣಯವಿಷ್ಟು: ವಸ್ತುವಿಗೆ ನೆಲೆಯನ್ನು ಕೊಡುವುದು ನೆಲವೂ ಅಲ್ಲ, ಶಾಸನವೂ ಅಲ್ಲ, ಅದನ್ನು ದಿನದಿನವೂ ಬಳಸುವ, ನೋಡುವ, ಅದರ ಬಗ್ಗೆ ಮಾತಾಡುವ ಜನ. ಗಡಿಯಾಚೆಯ ಊರುಗಳಲ್ಲಿ ಕನ್ನಡ ಶಾಲೆ ನಡೆಸುವ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಫಿಲಡೆಲ್ಫಿಯಾಕ್ಕೆ ಹೋಗುವ ಅವಕಾಶ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಒದಗಲಾರದು. ಬಾರ್ನ್ಸನ ಪಾಠಕ್ಕೆ ಅದು ಬೇಕಾಗಿಯೂ ಇಲ್ಲ. ಉಪಾಧ್ಯಾಯರು ಒಂದು ಸಂಜೆ ಮಕ್ಕಳನ್ನು ಊರ ಗುಡಿಯ ಮುಖಮಂಟಪಕ್ಕೆ ಕರೆದೊಯ್ದು ಒಂದು ಕಂಬದ ಮುಂದೆ ಕುಳ್ಳಿರಿಸಲಿ. ಕೆತ್ತಿದ್ದು ಯಾರ ಮೂರ್ತಿ, ಯಾವ ಶತಮಾನ ಎಂದು ಮೊದಲೇ ಹೇಳದಿರಲಿ. ಬೆಳಕು ಎಲ್ಲಿ ಬಿದ್ದಿದೆ, ಗೆರೆ ಎತ್ತ ಹರಿದಿದೆ ಎಂದು ಕೇಳಲಿ. ಮಕ್ಕಳು ಹೇಳಿ ಮುಗಿಸಿದ ಮೇಲೆ, ಈ ಕಂಬಕ್ಕೆ ಒರಗಿ ಕೂರುವವರು ಯಾರು, ಇಲ್ಲಿ ದೀಪವಿಡುವವರು ಯಾರು ಎಂದು ಕೇಳಲಿ. ಹೆಸರನ್ನೂ ಶತಮಾನವನ್ನೂ ಮರುದಿನ ತರಗತಿಯಲ್ಲಿ ಹೇಳಿದರೆ ಸಾಕು.