ಬೋಳು ತಲೆಗೆ ಗಡ್ಡದ ಸಾಕ್ಷಿ

ಮೈಸೂರಿನ ವಿದ್ಯಾರಣ್ಯಪುರಂನ ಯಾವ ಸಲೂನಿನಲ್ಲಾದರೂ ಭಾನುವಾರ ಬೆಳಿಗ್ಗೆ ಸರದಿಗೆ ಕಾದು ಕೂತರೆ ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣ, ತಲೆ ಪೂರ್ತಿ ತೆಗೆದುಬಿಡಿ. ಗಡ್ಡ ಮಾತ್ರ ಶೇಪ್ ಮಾಡಿ." ಕೇಳುವವನಿಗೆ ಮೂವತ್ತೋ ಮೂವತ್ತೈದೋ ವಯಸ್ಸು. ಅವನಿಗೆ ಹರಕೆಯೂ ಇಲ್ಲ, ಸೂತಕವೂ ಇಲ್ಲ. ಇವನ ಹಿಂದಿನ ತಲೆಮಾರಿನವರು ಇದೇ ಕುರ್ಚಿಯಲ್ಲಿ ಕೂತಾಗ ಬೇಡಿಕೆ ಬೇರೆ ಇರುತ್ತಿತ್ತು. ಕಿವಿಯ ಮೇಲೆ ಉಳಿದ ನಾಲ್ಕು ಎಳೆಯನ್ನು ಉದ್ದ ಬಿಟ್ಟು, ನೆತ್ತಿಯ ಮೇಲೆ ಅಡ್ಡಡ್ಡ ಬಾಚಿ, ಎಣ್ಣೆ ಹಚ್ಚಿ ಅಂಟಿಸಿಕೊಳ್ಳುತ್ತಿದ್ದರು. ಜೋರಾಗಿ ಗಾಳಿ ಬೀಸಿದರೆ ಕೈ ತಾನಾಗಿಯೇ ತಲೆಗೆ ಹೋಗುತ್ತಿತ್ತು. ಆ ಸಂಕಟವನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ: ತಲೆ ಬೋಳಿಸಿ ಮೀಸೆ ಗಡ್ಡ ಉಳಿಸಿಕೊಳ್ಳುವ ಈ ರೂಢಿ ನಮ್ಮ ಗಂಡಸರ ಸಿಂಗಾರದಲ್ಲಿ ಈಚೆಗೆ ಬಂದ ಒಳ್ಳೆಯ ಬದಲಾವಣೆ. ಒಳ್ಳೆಯದೆಂದ ಮಾತ್ರಕ್ಕೆ ಎಲ್ಲರಿಗೂ ಒಪ್ಪುತ್ತದೆ ಎಂದಲ್ಲ. ಎಲ್ಲಿ ಒಪ್ಪುತ್ತದೆ, ಎಲ್ಲಿ ಕೆಡುತ್ತದೆ ಎಂದು ನೋಡಬೇಕಾಗಿದೆ.

ಮೊದಲು ಒಪ್ಪುವುದು ಯಾಕೆ ಕಷ್ಟವಾಗಿತ್ತು ಎನ್ನುವುದನ್ನು ನೋಡೋಣ. ನಮ್ಮಲ್ಲಿ ಬೋಳಿಸಿದ ತಲೆಗೆ ಮೊದಲಿನಿಂದಲೂ ಒಂದು ಕಾರಣ ಬೇಕು. ವಿದ್ಯಾರಣ್ಯಪುರಂನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಅಲ್ಲಿ ಕಪಿಲೆಯ ದಡದಲ್ಲಿ ಮುಡಿ ಕೊಟ್ಟು, ಮುಳುಗಿ ಎದ್ದು, ಶ್ರೀಕಂಠೇಶ್ವರನ ದರ್ಶನಕ್ಕೆ ನಿಲ್ಲುವವರ ಸಾಲು ವರ್ಷವಿಡೀ ಇರುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲೂ ಧರ್ಮಸ್ಥಳದಲ್ಲೂ ಹಾಗೆಯೇ. ತಿರುಮಲೆಯಲ್ಲಂತೂ ಮುಡಿ ತೆಗೆಯಲೆಂದೇ ಕಲ್ಯಾಣಕಟ್ಟೆ ಇದೆ. ಇನ್ನೊಂದು ಕಾರಣ ಸಾವು. ತಂದೆ ತಾಯಿ ತೀರಿಕೊಂಡರೆ ಕರ್ಮ ಹಿಡಿದ ಮಗ ತಲೆ ಕೊಡುತ್ತಾನೆ, ಅನೇಕ ಮನೆತನಗಳಲ್ಲಿ ಮೀಸೆಯನ್ನೂ ಕೊಡುತ್ತಾನೆ. ಹಾಗಾಗಿ ಒಬ್ಬ ಗಂಡಸು ತಲೆ ಬೋಳಿಸಿಕೊಂಡು ಬೀದಿಗೆ ಬಂದರೆ ಎದುರು ಮನೆಯ ಆಂಟಿ ಕೇಳುವ ಪ್ರಶ್ನೆ ಎರಡೇ. "ತಿರುಪತಿಗೆ ಹೋಗಿದ್ರಾ?" ಇಲ್ಲವೆಂದರೆ, ದನಿ ತಗ್ಗಿಸಿ, "ಮನೇಲಿ ಏನಾಯ್ತಪ್ಪಾ?"

ಈ ಎರಡು ಪ್ರಶ್ನೆಗಳಿಗೂ ಬಾಯಿ ತೆರೆಯದೆ ಉತ್ತರ ಕೊಡುವುದು ಮುಖದ ಕೂದಲು. ತಲೆ ನುಣ್ಣಗಿದ್ದು ಮೀಸೆ ತಿದ್ದಿದಂತಿದ್ದರೆ, ಗಡ್ಡದ ಅಂಚು ನೇರವಾಗಿದ್ದರೆ, ಇದು ಸೂತಕವಲ್ಲ, ಹರಕೆಯೂ ಅಲ್ಲ, ಇವನಾಗಿ ಮಾಡಿಕೊಂಡದ್ದು ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಇಡೀ ಶೈಲಿಯ ಜೀವ ಇರುವುದು ಇಲ್ಲಿ ಎಂದು ನನ್ನ ತೀರ್ಮಾನ. ಬೇರೆ ದೇಶಗಳಲ್ಲಿ ಗಡ್ಡ ಬರಿಯ ಅಲಂಕಾರವಾಗಿರಬಹುದು. ಮೈಸೂರಿನಲ್ಲಿ ಅದು ಸಾಕ್ಷಿ ಹೇಳುತ್ತದೆ.

ಹೀಗೆ ತಲೆ ಬೋಳಿಸಿ ಗಡ್ಡ ಉಳಿಸುವುದು ಸನ್ಯಾಸಿಗಳ ರೂಢಿಯಲ್ಲ. ನಮ್ಮ ಬಡಾವಣೆ ಹೆಸರು ಹೊತ್ತಿರುವ ವಿದ್ಯಾರಣ್ಯರು ಶೃಂಗೇರಿ ಪೀಠದ ಯತಿಗಳು. ಆ ಪರಂಪರೆಯ ಸನ್ಯಾಸಿಗಳಿಗೆ ಹುಣ್ಣಿಮೆಯ ದಿನ ಕ್ಷೌರ. ತಲೆ, ಗಡ್ಡ, ಮೀಸೆ ಒಟ್ಟಿಗೆ ಬೆಳೆಯುತ್ತವೆ, ಒಟ್ಟಿಗೆ ಹೋಗುತ್ತವೆ. ಶ್ರವಣಬೆಳಗೊಳದ ಜೈನ ಮುನಿಗಳು ಕೇಶಲೋಚನದಲ್ಲಿ ತಲೆಯ ಕೂದಲನ್ನೂ ಗಡ್ಡವನ್ನೂ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಜಟೆ ಬಿಟ್ಟ ಸಾಧುವಿಗೆ ಗಡ್ಡವೂ ಜೊತೆಗೇ ಇಳಿಯುತ್ತದೆ. ವಿರಾಗಿಗೆ ತಲೆ ಬೇರೆ, ಮುಖ ಬೇರೆ ಎಂಬ ಭೇದವಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದು ಸಂಸಾರಿಯ ಕಣ್ಣು. ಇದಕ್ಕೆ ನಮ್ಮ ಊರಿನಲ್ಲೇ ಹಳೆಯ ನಿದರ್ಶನಗಳಿವೆ. ಹಜ್ ಮುಗಿಸಿ ಮಂಡಿ ಮೊಹಲ್ಲಾಕ್ಕೋ ಉದಯಗಿರಿಗೋ ಮರಳಿದ ಹಿರಿಯರನ್ನು ನೋಡಿ: ಯಾತ್ರೆಯ ಕೊನೆಯಲ್ಲಿ ತಲೆ ಬೋಳಿಸಿರುತ್ತಾರೆ, ಗಡ್ಡ ಹಾಗೆಯೇ ಇರುತ್ತದೆ. ಆ ಮುಖಕ್ಕೆ ಬರುವ ಘನತೆಯನ್ನು ಯಾವ ಫ್ಯಾಷನ್ ಪತ್ರಿಕೆಯೂ ಕಲಿಸಬೇಕಾಗಿಲ್ಲ.

ಇನ್ನೂ ಹತ್ತಿರದ ನಿದರ್ಶನ ಅರಮನೆಯಲ್ಲಿದೆ. ವಿಜಯದಶಮಿಯ ಬೆಳಿಗ್ಗೆ ಜಂಬೂಸವಾರಿಗೆ ಮೊದಲು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಜಟ್ಟಿ ಸಮುದಾಯದ ಪೈಲ್ವಾನರು ತಲೆ ಬೋಳಿಸಿ, ಕೈಗೆ ವಜ್ರನಖ ತೊಟ್ಟು ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಜಿನುಗಿದ ಕೂಡಲೇ ಕಾಳಗ ಮುಗಿಯುತ್ತದೆ; ನೆತ್ತಿ ಬೋಳಾಗಿರುವುದರಿಂದ ಮೊದಲ ಹನಿಯೇ ಎಲ್ಲರ ಕಣ್ಣಿಗೂ ಬೀಳುತ್ತದೆ. ತಲೆ ಹೀಗೆ ಬಯಲಾದರೂ ಮೀಸೆ ಬಿಡದ ಜಟ್ಟಿಗಳಿದ್ದಾರೆ. ಕೆಮ್ಮಣ್ಣಿನ ಅಖಾಡದಲ್ಲಿ ನಿಂತ ಆ ಮುಖಗಳನ್ನು ಕಂಡವರಿಗೆ ಬೋಳು ತಲೆ ಮತ್ತು ಮೀಸೆಯ ಜೋಡಿ ಪರದೇಶದಿಂದ ಬಂದ ಸರಕು ಅನ್ನಿಸುವುದಿಲ್ಲ. ನಮ್ಮ ಗರಡಿಮನೆಗಳ ನೆನಪಿನಲ್ಲಿ ಅದಕ್ಕೆ ಜಾಗ ಮೊದಲೇ ಇತ್ತು.

ಹಾಗಿದ್ದ ಮೇಲೆ ನಡುವೆ ಇಷ್ಟು ನಾಚಿಕೆ ಎಲ್ಲಿಂದ ಬಂತು? ಪೇಟ ಹೋದದ್ದರಿಂದ ಎನ್ನುತ್ತೇನೆ. ಶಾಲೆಗಳ ಗೋಡೆಯ ಮೇಲಿನ ಪಟಗಳನ್ನು ನೆನಪಿಸಿಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ಬಿ.ಎಂ.ಶ್ರೀ. ಎಲ್ಲರ ತಲೆಯ ಮೇಲೂ ಮೈಸೂರು ಪೇಟ. ಅದರಡಿ ಕೂದಲಿತ್ತೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಗಂಡಸಿನ ಗತ್ತೆಲ್ಲ ಹುಬ್ಬು, ಮೂಗು, ಮೀಸೆಯಲ್ಲಿತ್ತು. ಪೇಟ, ಟೋಪಿ, ರುಮಾಲು ಕಳಚಿದ ಮೇಲೆ ತಲೆ ಮೊದಲ ಬಾರಿಗೆ ಬೀದಿಗೆ ಬಿತ್ತು, ಜೊತೆಗೆ ಕ್ರಾಪು ಗಂಡಸಿನ ಮಾನದ ಗುರುತಾಯಿತು. ಆಗಲೂ ಒಬ್ಬರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಓಡಾಡಿದರು. ನಮ್ಮ ಗಾಂಧಿ ಚೌಕದಲ್ಲಿಯೂ ಅವರ ಪ್ರತಿಮೆ ಇದೆ. ಬರಿ ನೆತ್ತಿ, ಕೆಳಗೆ ಕತ್ತರಿಸಿದ ಮೀಸೆ. ಶಾಲೆಯ ಮಗು ಎರಡು ಗೆರೆಯಲ್ಲಿ ಬರೆದರೂ ಗುರುತು ಸಿಗುವ ಮುಖ ಅದು, ಮತ್ತು ಆ ಎರಡು ಗೆರೆಯಲ್ಲಿ ಒಂದು ಮೀಸೆಯದು.

ದೇಹದ ಲೆಕ್ಕವನ್ನೂ ಹೇಳಬೇಕು, ಯಾಕೆಂದರೆ ಈ ಜೋಡಿ ದೇಹವೇ ಮಾಡಿಕೊಟ್ಟದ್ದು. ಟೆಸ್ಟೋಸ್ಟಿರಾನಿನಿಂದ ಹುಟ್ಟುವ ಡೈಹೈಡ್ರೋಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಅನುವಂಶೀಯತೆ ಇರುವವರ ನೆತ್ತಿಯಲ್ಲಿ ಕೂದಲಿನ ಬೇರನ್ನು ಕುಗ್ಗಿಸುತ್ತದೆ. ಅದೇ ಹಾರ್ಮೋನು ಕೆನ್ನೆ ಗಲ್ಲದಲ್ಲಿ ಎಳೆಯನ್ನು ದಪ್ಪ ಮಾಡುತ್ತದೆ. ಮೇಲೆ ಕಳೆದುಕೊಂಡವನಿಗೆ ಕೆಳಗೆ ಹುಲುಸಾಗಿ ಬರುವುದು ಎಷ್ಟೋ ಸಲ ಇದರಿಂದಲೇ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಗಂಡಸರ ಬೋಳುತನವನ್ನು 1951ರಲ್ಲಿ ಹಂತಗಳಾಗಿ ವಿಂಗಡಿಸಿದರು. 1975ರಲ್ಲಿ ನಾರ್ವುಡ್ ತಿದ್ದಿದ ಏಳು ಹಂತದ ಪಟ್ಟಿಯನ್ನು ಚರ್ಮವೈದ್ಯರು ಇಂದಿಗೂ ಬಳಸುತ್ತಾರೆ. ಫಿನಾಸ್ಟೆರೈಡ್ ಮಾತ್ರೆ, ಮಿನಾಕ್ಸಿಡಿಲ್ ದ್ರಾವಣ, ಕೂದಲು ಕಸಿ ಎಲ್ಲ ಇವೆ. ಬೇಕಾದವರು ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಲಿ. ಆದರೆ ನಾಲ್ಕನೆಯ ಐದನೆಯ ಹಂತ ದಾಟಿದ ಮೇಲೆ ಪ್ರತಿದಿನ ಕನ್ನಡಿಯ ಮುಂದೆ ಎಳೆ ಎಣಿಸುತ್ತಾ ನಿಲ್ಲುವ ಮನುಷ್ಯನಿಗೆ ಬ್ಲೇಡು ಕೊಡುವ ಬಿಡುಗಡೆ ದೊಡ್ಡದು.

ಆ ಬಿಡುಗಡೆಯನ್ನು ಕನ್ನಡ ಸಿನಿಮಾ ಒಬ್ಬನೇ ನಟನ ತಲೆಯ ಮೇಲೆ ತೋರಿಸಿದೆ. 2017ರಲ್ಲಿ ಬಂದ 'ಒಂದು ಮೊಟ್ಟೆಯ ಕಥೆ'ಯಲ್ಲಿ ರಾಜ್ ಬಿ. ಶೆಟ್ಟಿ ನಿರ್ದೇಶಕರೂ ಹೌದು, ನಾಯಕರೂ ಹೌದು. ಮಂಗಳೂರಿನ ಕನ್ನಡ ಮೇಷ್ಟ್ರು ಜನಾರ್ದನ, ಡಾ. ರಾಜ್‌ಕುಮಾರ್ ಅಭಿಮಾನಿ, ಹೆಣ್ಣು ಸಿಗದವನು. ಅಲ್ಲಿ ಬೋಳು ತಲೆ ಒಂದು ಗಾಯ. ಸುತ್ತ ಉಳಿದ ಕೂದಲು ಆ ಗಾಯಕ್ಕೆ ಬೇಲಿ ಹಾಕಿದಂತೆ ಕಾಣುತ್ತದೆ. ಚಿತ್ರದ ದೊಡ್ಡತನವೆಂದರೆ ಅದು ಅವನಿಗೆ ಕೂದಲು ಕೊಡಿಸುವುದಿಲ್ಲ. ಇನ್ನೊಬ್ಬರ ರೂಪವನ್ನು ಅವನು ಹೇಗೆ ಅಳೆಯುತ್ತಾನೆ ಎಂದು ಅವನ ಕಡೆಗೇ ಕನ್ನಡಿ ತಿರುಗಿಸುತ್ತದೆ. ಮಲಯಾಳಂ, ಹಿಂದಿ, ತೆಲುಗಿಗೂ ಆ ಕಥೆ ಹೋಯಿತು. ನಾಲ್ಕು ವರ್ಷದ ನಂತರ, 2021ರಲ್ಲಿ, ಅದೇ ನಟ 'ಗರುಡ ಗಮನ ವೃಷಭ ವಾಹನ'ದಲ್ಲಿ ಶಿವನಾಗಿ ಬಂದರು. ತೀರಾ ಗಿಡ್ಡ ಕತ್ತರಿಸಿದ ಕೂದಲು, ಮುಖದ ಮೇಲೆ ಗಡ್ಡ. ಕೊಲೆಯ ನಂತರ ಹುಲಿವೇಷದ ಹೆಜ್ಜೆ ಹಾಕಿ ಕುಣಿಯುವ ಆ ದೃಶ್ಯದಲ್ಲಿ ಬೋಳು ತಲೆ ಎಂಬ ಮಾತು ಯಾರ ಮನಸ್ಸಿನಲ್ಲೂ ಸುಳಿಯಲಿಲ್ಲ. ನೆತ್ತಿ ಅದೇ. ಬದಲಾದದ್ದು ಅದರ ಸುತ್ತಲಿನ ತೀರ್ಮಾನ. ಬೇಲಿ ಕಿತ್ತು ಗಡ್ಡ ಬಿಟ್ಟ ಕೂಡಲೇ ಇಲ್ಲದ್ದರ ಬದಲು ಇರುವುದು ಕಾಣತೊಡಗಿತು.

ಇಲ್ಲೇ ನನ್ನ ತಕರಾರೂ ಹುಟ್ಟುತ್ತದೆ. ಗಡ್ಡ ಬಂದಾಗ ಕೈಗೆ ಮಚ್ಚೂ ಬಂತು. ನಮ್ಮ ಪರದೆ ಬೋಳು ತಲೆಗೆ ಗೌರವ ಕೊಡುವಾಗ ಅದನ್ನು ಭಯದ ಜೊತೆ ಸೇರಿಸಿಯೇ ಕೊಡುತ್ತದೆ. 2007ರ 'ಶಿವಾಜಿ'ಯಲ್ಲಿ ರಜನಿಕಾಂತ್ ತಲೆ ಬೋಳಿಸಿ ಕೊನೆಯಲ್ಲಿ ಬಂದದ್ದೂ ಹೊಡೆಯುವುದಕ್ಕೇ. ಅಮೆರಿಕದ ಆಲ್ಬರ್ಟ್ ಮ್ಯಾನ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಒಬ್ಬನದೇ ಚಿತ್ರವನ್ನು ಕೂದಲಿನೊಂದಿಗೆ, ಕೂದಲಿಲ್ಲದೆ ತೋರಿಸಿದಾಗ ಬೋಳು ತಲೆಯವನು ಒಂದು ಅಂಗುಲದಷ್ಟು ಎತ್ತರ, ಶೇ 13ರಷ್ಟು ಬಲಶಾಲಿ ಎಂದು ಜನ ಅಂದಾಜು ಮಾಡಿದರು. ಆದರೆ ಹೆಚ್ಚು ಸುಂದರ ಎನ್ನಲಿಲ್ಲ. ಈ ವ್ಯತ್ಯಾಸವನ್ನು ನಮ್ಮ ಹುಡುಗರು ಗಮನಿಸಬೇಕು. ಎದೆಯವರೆಗೆ ಇಳಿಬಿಟ್ಟ ಗಡ್ಡ, ಮಿರಮಿರ ಹೊಳೆಯುವ ನೆತ್ತಿ, ಕಪ್ಪು ಕನ್ನಡಕ, ತಿರುವಿದ ಮೀಸೆ ನಾಲ್ಕೂ ಸೇರಿದರೆ ಮುಖ ಮಾಯವಾಗಿ ಮುಖವಾಡ ಉಳಿಯುತ್ತದೆ. ಹಾಲು ತರಲು ಹೋದವನೂ ಜಗಳಕ್ಕೆ ಹೊರಟವನಂತೆ ಕಾಣುತ್ತಾನೆ. ನಾಚಿಕೆಯಿಂದ ಬಿಡಿಸಿಕೊಳ್ಳಲು ಹಿಡಿದ ದಾರಿ ಇನ್ನೊಂದು ನಟನೆಗೆ ತಂದು ನಿಲ್ಲಿಸಿದರೆ ನಷ್ಟವೇ.

ಒಳ್ಳೆಯ ಕೆಲಸ ಹೇಗಿರುತ್ತದೆ ಎಂದು ಕ್ಷೌರಿಕನ ಕೈ ನೋಡಿದರೆ ತಿಳಿಯುತ್ತದೆ. ಮೊದಲು ಜೀರೋ ಮಷಿನ್, ಆಮೇಲೆ ನೀರು, ನೊರೆ, ಅರ್ಧ ಮುರಿದ ಹೊಸ ಬ್ಲೇಡು. ಕೂದಲು ಬೆಳೆದ ದಿಕ್ಕಿಗೇ ಒಂದು ಸಲ. ಉಲ್ಟಾ ಎಳೆಯುವುದು ಗಟ್ಟಿ ಚರ್ಮದವರಿಗೆ ಮಾತ್ರ, ಇಲ್ಲದಿದ್ದರೆ ಹಿಂದಲೆಯಲ್ಲಿ ಗುಳ್ಳೆ ಏಳುತ್ತದೆ. ಆದರೆ ನಿಜವಾದ ಪರೀಕ್ಷೆ ಕಿವಿಯ ಮುಂದೆ. ಬೋಳಾದ ತಲೆ ಎಲ್ಲಿ ಮುಗಿಯಿತು, ಗಡ್ಡ ಎಲ್ಲಿ ಶುರುವಾಯಿತು ಎಂದು ಗೆರೆ ಕೊಯ್ದಂತೆ ಕಂಡರೆ ಗಡ್ಡ ಅಂಟಿಸಿದ ಹಾಗೆ ತೋರುತ್ತದೆ. ಸೈಡ್‌ಲಾಕ್‌ನಿಂದ ಕೆಳಕ್ಕೆ ಟ್ರಿಮ್ಮರ್‌ನ ಅಳತೆ ಬದಲಿಸುತ್ತಾ, ನೆರಳು ಗಾಢವಾಗುವ ಹಾಗೆ ಇಳಿಸಬೇಕು. ಇದಕ್ಕೆ ತಾಳ್ಮೆ ಬೇಕು, ಕಣ್ಣು ಬೇಕು. ಕ್ರಾಪಿಗಿಂತ ಕಡಿಮೆ ಕೆಲಸ ಎಂದುಕೊಂಡು ಕಡಿಮೆ ದುಡ್ಡು ಕೊಡುವವರನ್ನು ಕಂಡಾಗ ಬೇಜಾರಾಗುತ್ತದೆ. ಸವಿತಾ ಸಮಾಜದ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೈಚಳಕ ಇದು, ಮತ್ತು ಈ ಶೈಲಿಯ ಅರ್ಧ ಪಾಲು ಅವರದು.

ಮುಖಕ್ಕೆ ತಕ್ಕ ಅಳತೆಯ ಬಗ್ಗೆಯೂ ನನಗೆ ಖಚಿತ ಅಭಿಪ್ರಾಯವಿದೆ. ದುಂಡು ಮುಖಕ್ಕೆ ಗಲ್ಲದ ಕೆಳಗೆ ಒಂದಿಷ್ಟು ಉದ್ದ ಬಿಟ್ಟ ಗಡ್ಡ ಒಪ್ಪುತ್ತದೆ. ಉದ್ದ ಮುಖಕ್ಕೆ ಅದೇ ಗಡ್ಡ ಭಾರ. ಅಲ್ಲಿ ದಟ್ಟ ಮೀಸೆ ಮತ್ತು ಎರಡು ಮೂರು ದಿನದ ಕುರುಚಲು ಸಾಕು. ಫ್ರೆಂಚ್ ಗಡ್ಡ ಹತ್ತರಲ್ಲಿ ಇಬ್ಬರಿಗೆ ಹೊಂದಿದರೆ ಹೆಚ್ಚು, ಯಾಕೆಂದರೆ ಬರಿ ತಲೆ, ಬರಿ ಕೆನ್ನೆಯ ನಡುವೆ ಬಾಯಿಯ ಸುತ್ತ ಮಾತ್ರ ಕಪ್ಪು ಉಂಗುರ ಉಳಿಯುತ್ತದೆ. ತಲೆಯ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಬೋಳಿಸಿದ ಮೂರನೆಯ ದಿನಕ್ಕೇ ಕಿವಿಯ ಮೇಲಿನ ಹಳೆಯ ಬೇಲಿಯ ನೆರಳು ಮತ್ತೆ ಮೂಡುತ್ತದೆ. ಮಂಗಳವಾರ ಸಲೂನಿಗೆ ರಜೆ ಎಂಬುದನ್ನು ಲೆಕ್ಕ ಹಾಕಿಕೊಂಡು ವಾರಕ್ಕೆ ಎರಡು ಸಲವಾದರೂ ಕತ್ತಿ ಬೀಳಬೇಕು, ಇಲ್ಲವೇ ಮನೆಯಲ್ಲಿ ಕೈ ಪಳಗಿಸಿಕೊಳ್ಳಬೇಕು. ಬಿಸಿಲಿಗೆ ಹೊರಡುವಾಗ ಟೋಪಿ ಬೇಕೇ ಬೇಕು. ಏಪ್ರಿಲ್‌ನಲ್ಲಿ ಸೂಯೆಜ್ ಫಾರಂ ರಸ್ತೆಯಲ್ಲಿ ಹೆಲ್ಮೆಟ್ ತೆಗೆದು ನಿಂತವನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ರಾಜಿ ಬೇಡ. ತಲೆಯನ್ನು ಇದ್ದಂತೆ ಒಪ್ಪಿಕೊಂಡವನು ಗಡ್ಡಕ್ಕೆ ಕಡುಗಪ್ಪು ಡೈ ಹಚ್ಚಿದರೆ ಸಾಕ್ಷಿಯೇ ಸುಳ್ಳು ಹೇಳಿದಂತಾಗುತ್ತದೆ. ಪರದೆಯ ಮೇಲೆ ಎಷ್ಟೇ ವಿಗ್ ತೊಟ್ಟರೂ ಸಭೆ ಸಮಾರಂಭಗಳಿಗೆ ರಜನಿಕಾಂತ್ ಬರುವುದು ಬರಿದಾದ ತಲೆ, ಬಿಳಿ ಗಡ್ಡದಲ್ಲಿ. ಡಾ. ರಾಜ್‌ಕುಮಾರ್ ಕೂಡ ಕೊನೆಯ ವರ್ಷಗಳಲ್ಲಿ ಬಿಳಿ ಪಂಚೆ, ಬಿಳಿ ಅಂಗಿ, ಮುಚ್ಚಿಕೊಳ್ಳದ ತಲೆಯಲ್ಲೇ ಜನರ ನಡುವೆ ಬರುತ್ತಿದ್ದರು. ಅಭಿಮಾನಿಗಳ ಪ್ರೀತಿ ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಈ ಶೈಲಿಯ ಅತ್ಯುತ್ತಮ ರೂಪ ಐವತ್ತು ದಾಟಿದವರಲ್ಲಿ, ಗಿಡ್ಡನೆಯ ಬೆಳ್ಳನೆಯ ಗಡ್ಡದಲ್ಲಿ ಕಾಣುತ್ತದೆ ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಹೊಗಳಿದ ಮೇಲೆ ಇದು ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದನ್ನೂ ಹೇಳಬೇಕು. ಕೆನ್ನೆಯ ಮೇಲೆ ಗಡ್ಡವೇ ಬಾರದ ಗಂಡಸರಿದ್ದಾರೆ. ಅಲೋಪೀಷಿಯಾ ಬಂದು ಗಡ್ಡ ನಾಣ್ಯದಗಲ ಉದುರಿದವರಿದ್ದಾರೆ. ಕೀಮೋಥೆರಪಿಯಲ್ಲಿ ತಲೆ, ಮೀಸೆ, ಹುಬ್ಬು ಮೂರನ್ನೂ ಕಳೆದುಕೊಂಡವರಿದ್ದಾರೆ, ಅವರಲ್ಲಿ ಹೆಂಗಸರೂ ಇದ್ದಾರೆ. ಅವರ ಪರವಾಗಿ ಸಾಕ್ಷಿ ಹೇಳಲು ಮುಖದ ಮೇಲೆ ಏನೂ ಉಳಿದಿರುವುದಿಲ್ಲ. ಬೀದಿಯ ಆ ಎರಡು ಪ್ರಶ್ನೆಗಳು ಅವರನ್ನು ಇನ್ನೂ ಹಿಂಬಾಲಿಸುತ್ತವೆ, ಮತ್ತು ಅಲ್ಲಿ ಉತ್ತರ ಕೊಡಬೇಕಾದ ಹೊಣೆ ಅವರದಲ್ಲ, ಕೇಳುವ ನಮ್ಮದು.